ಶೋಲವರಂ ಗೊತ್ತಿಲ್ಲದವರ ರೇಸ್ ಪಾಠ

ಕೋಪ ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಇಳಿಯುವ ಹಾಗೆ ಕಾಣುತ್ತಿಲ್ಲ. ಓದಿ.

ಭಾನುವಾರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಬೈಕ್ ರೇಸ್ ಇತ್ತು. ಹೋಗಿದ್ದೆ. (ಎಲ್ಲಿಗೆ ಅಂತ ಹೆಂಡತಿ ಈಗ ಕೇಳುವುದನ್ನೂ ಬಿಟ್ಟಿದ್ದಾಳೆ.) ಪ್ಯಾಡಕ್‌ನಲ್ಲಿ, ಅಂದರೆ ತಂಡಗಳು ಗಾಡಿ ಸಜ್ಜು ಮಾಡುವ ಜಾಗದಲ್ಲಿ, ಒಂದು ಶಾಮಿಯಾನದ ನೆರಳಲ್ಲಿ ನಿಂತು ನಿಂಬೆ ಜ್ಯೂಸ್ ಕುಡಿಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ, ಕೈಯಲ್ಲಿ ಫೋನು, ಕಾಲರ್‌ಗೆ ಮೈಕು. ನಮ್ಮ ಕನ್ನಡದ ಹುಡುಗನೇ. ರೀಲ್ ಮಾಡುತ್ತಿದ್ದ. ಅವನ ಬಾಯಿಂದ ಬಂದ ಮಾತು ಇದು: "ಗುರೂ, ಇಂಡಿಯಾದಲ್ಲಿ ರೇಸಿಂಗ್ ಶುರುವಾಗಿದ್ದೇ 2011ರಲ್ಲಿ, ಬುದ್ಧ ಸರ್ಕ್ಯೂಟ್ ಬಂದ ಮೇಲೆ. ಇದೆಲ್ಲ ಸುಮ್ನೆ ಲೋಕಲ್ ಟ್ರ್ಯಾಕು."

ಅಲ್ಲಪ್ಪಾ, ನೀನು ನಿಂತಿರುವ ಟ್ರ್ಯಾಕ್ ಉದ್ಘಾಟನೆ ಆಗಿದ್ದು 1990ರಲ್ಲಿ. ಆಗ ಇದೇ ಊರಿನ ಹ್ಯುಂಡೈ ಫ್ಯಾಕ್ಟರಿ ಕೂಡ ಇರಲಿಲ್ಲ. ಅಲ್ಲಿಂದ ಕಾರು ಹೊರಗೆ ಬರೋಕೆ ಶುರುವಾಗಿದ್ದು 1998ರಲ್ಲಿ. ಇದನ್ನೆಲ್ಲ ಅವನಿಗೇ ಹೇಳಬಹುದಿತ್ತು. ಹೇಳಲಿಲ್ಲ. ಎದುರಿಗಿದ್ದವರಿಗೆ ಹೇಳದೆ ಮನೆಗೆ ಬಂದು ಇಲ್ಲಿ ಕಾರುವುದು ನನ್ನ ಹಳೇ ಚಾಳಿ, ನಿಮಗೆ ಗೊತ್ತೇ ಇದೆ.

ಹುಡುಗ ಚಿಕ್ಕವನು, ಬಿಡಿ. ವಯಸ್ಸಾದವರೂ ಹೀಗೇ ಮಾತಾಡುತ್ತಾರೆ. ಫಾರ್ಮುಲಾ ಒನ್ ಮತ್ತೆ ಬರುತ್ತಂತೆ ಅಂತ ಒಂದು ಗಾಳಿಸುದ್ದಿ ಎದ್ದರೆ ಸಾಕು, ಎಲ್ಲರ ಬಾಯಲ್ಲೂ ಆ ಬುದ್ಧ ಸರ್ಕ್ಯೂಟ್ ಇರುವ ಗ್ರೇಟರ್ ನೋಯ್ಡಾ. ಟಿವಿಯಲ್ಲಿ ಬಂದ ದಿನವೇ ಹುಟ್ಟಿದ ದಿನ ಇವರಿಗೆ. ಅದಕ್ಕೂ ಮುಂಚೆ ದೇಶದಲ್ಲಿ ಯಾರೂ ಆಕ್ಸಿಲರೇಟರ್ ಒತ್ತಿಯೇ ಇರಲಿಲ್ಲ ಅನ್ನುವ ಹಾಗೆ.

ಶೋಲವರಂ ಅಂದರೆ ಈಗಿನವರಿಗೆ ಚೆನ್ನೈಗೆ ನೀರು ಕೊಡುವ ಕೆರೆ ಅಷ್ಟೇ. ನಮ್ಮ ಸೋದರಮಾವನಿಗೆ ಅದು ತಿರುಪತಿಗಿಂತ ಒಂದು ಕೈ ಮೇಲು. ಮಾವ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇದ್ದದ್ದು, ಮನೆಗೆ ಬಂದಾಗಲೂ ಅವರ ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತಿದ್ದದ್ದು ಹಿಂದೆ ಬರೆದಿದ್ದೇನೆ. ಶೋಲವರಂ ಅಂದರೆ ಮದರಾಸಿನ ಉತ್ತರಕ್ಕೆ, ಕಲ್ಕತ್ತಾ ರಸ್ತೆಯಲ್ಲಿ, ಎರಡನೇ ಮಹಾಯುದ್ಧದ ಕಾಲದ ಒಂದು ಏರ್‌ಸ್ಟ್ರಿಪ್. ಯುದ್ಧ ಮುಗಿಯಿತು, ರನ್‌ವೇ ಉಳಿಯಿತು. 1953ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿತು. ಆ ರನ್‌ವೇ ಮೇಲೆ ಹುಲ್ಲಿನ ಪೆಂಡಿ, ಡ್ರಮ್ಮು ಇಟ್ಟು ತಿರುವು ಮಾಡಿದರು. ಅಷ್ಟೇ. ಅದೇ ಸರ್ಕ್ಯೂಟ್.

ಅಲ್ಲಿ ಓಡಿದ ಗಾಡಿಗಳಾದರೂ ಎಂಥವು! ಫಿಯೆಟ್, ಹೆರಾಲ್ಡ್, ಗ್ಯಾರೇಜಿನಲ್ಲಿ ಕೈಯಾರೆ ಬೆಸುಗೆ ಹಾಕಿದ ಸ್ಪೆಷಲ್‌ಗಳು. ಗೊಂಡಲ್ ಮಹಾರಾಜರ ಮನೆಯ ಆಮದು ರೇಸ್ ಕಾರು ಒಂದು ಕಡೆ, ಬಾಗಿಲು ಕಿತ್ತು ಸೀಟು ಕಳಚಿದ ಮನೆ ಬಳಕೆಯ ಕಾರು ಇನ್ನೊಂದು ಕಡೆ. ವಿಜಯ್ ಮಲ್ಯ ಹಳೆಯ ಫಾರ್ಮುಲಾ ಒನ್ ಕಾರೊಂದನ್ನು ತಂದು ಓಡಿಸಿದ್ದೂ ಇದೇ ರನ್‌ವೇ ಮೇಲೆ. (ಆಮೇಲಿನ ಓಟದ ವಿಷಯ ಇಲ್ಲಿ ಬೇಡ.) ಬೈಕುಗಳಲ್ಲಿ ನಮ್ಮ ಮೈಸೂರಿನ ಜಾವಾ, ಯೆಜ್ಡಿ. ಮಾವ ಆ ಶಬ್ದವನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು. ಎರಡು ಸೈಲೆನ್ಸರ್‌ನ ಟು-ಸ್ಟ್ರೋಕ್ ಶಬ್ದ, ಗೇರ್ ಬದಲಾಯಿಸುವಾಗಿನ ಆ ಸಣ್ಣ ಬಿಕ್ಕಳಿಕೆ ಸಮೇತ. ಊಟದ ಎಲೆ ಮುಂದೆ ಕೂತು ಇದನ್ನು ಮಾಡಿ ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದರು.

ಜನ ಸಾವಿರಾರು ಸಂಖ್ಯೆಯಲ್ಲಿ ಬರುತ್ತಿದ್ದರು. ನೆರಳಿಲ್ಲ, ಬೇಲಿಯೂ ಗಟ್ಟಿ ಇಲ್ಲ. ಇಂದಿನ ಕಣ್ಣಲ್ಲಿ ನೋಡಿದರೆ ಮೈ ಜುಂ ಅನ್ನುತ್ತದೆ. ಬೊಂಬಾಯಿಯ ಜುಹು, ಕಲ್ಕತ್ತಾದ ಬ್ಯಾರಕ್‌ಪುರ, ಎಲ್ಲ ಕಡೆಯೂ ಹೀಗೇ ಏರ್‌ಸ್ಟ್ರಿಪ್ ಮೇಲೆಯೇ ರೇಸು. ಅವೆಲ್ಲ ನಿಂತುಹೋದವು. ಮದರಾಸಿನವರು ಮಾತ್ರ ಬಿಡಲಿಲ್ಲ. ರನ್‌ವೇಯನ್ನು ಎಷ್ಟು ದಿನ ಅಂತ ನಂಬಿಕೊಂಡಿರುವುದು, ನಮ್ಮದೇ ಟ್ರ್ಯಾಕ್ ಕಟ್ಟೋಣ ಅಂತ ಹೊರಟರು. ಎಂಬತ್ತರ ದಶಕದ ಕೊನೆಯಲ್ಲಿ ಶ್ರೀಪೆರಂಬದೂರಿನ ಪಕ್ಕದ ಇರುಂಗಾಟ್ಟುಕೋಟೈಯಲ್ಲಿ ಕೆಲಸ ಶುರುವಾಯಿತು. ಹೌದು, ರಾಮಾನುಜಾಚಾರ್ಯರು ಹುಟ್ಟಿದ ಶ್ರೀಪೆರಂಬದೂರೇ. ಅವರು ಅಲ್ಲಿಂದ ನಮ್ಮ ಮೇಲುಕೋಟೆ ಕಡೆ ಬಂದರು, ನಾವು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದೇವೆ.

3.717 ಕಿಲೋಮೀಟರ್, 12 ತಿರುವು. ತಿರುವುಗಳಿಗೆ ದೊಡ್ಡ ದೊಡ್ಡ ಹೆಸರಿಲ್ಲ. ಸಿ-1, ಸಿ-2 ಅಂತಲೇ ಕರೆಯುತ್ತಾರೆ. "ಸಿ-2ನಲ್ಲಿ ಬಿದ್ದ" ಅಂದರೆ ಅಲ್ಲಿದ್ದವರಿಗೆಲ್ಲ ಅರ್ಥವಾಗುತ್ತದೆ. ಕಟ್ಟಿಸಿದ್ದು ಯಾವ ಬಿಲ್ಡರೂ ಅಲ್ಲ, ಸರ್ಕಾರವೂ ಅಲ್ಲ. ರೇಸ್ ಹುಚ್ಚು ಹಿಡಿದವರ ಅದೇ ಮದರಾಸ್ ಕ್ಲಬ್ಬು. ಇವತ್ತಿಗೂ ಟ್ರ್ಯಾಕ್ ಅವರದೇ. ಈಚೆಗೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು ಬದಲಾಯಿತು. ನಮ್ಮಂಥವರ ಬಾಯಲ್ಲಿ ಇನ್ನೂ ಎಂಎಂಆರ್‌ಟಿ, ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್.

ಇನ್ನೊಂದು ಹೆಸರು ಹೇಳದೆ ಮುಂದೆ ಹೋದರೆ ಪಾಪ ಬರುತ್ತದೆ. ಎಸ್. ಕರಿವರ್ಧನ್. ಕೊಯಮತ್ತೂರಿನವರು. ಎಂಬತ್ತರ ದಶಕದಲ್ಲಿ ರೇಸ್ ಕಾರು ಬೇಕು ಅಂದರೆ ಆಮದು ಮಾಡಬೇಕಿತ್ತು, ಅದು ರಾಜರಿಗೆ, ಸಾಹುಕಾರರಿಗೆ ಮಾತ್ರ. ಈ ಮನುಷ್ಯ ನಮ್ಮ ಮಾರುತಿ 800ರ ಎಂಜಿನ್ ತೆಗೆದು ಒಂಟಿ ಸೀಟಿನ ರೇಸ್ ಕಾರು ಮಾಡಿದರು. ಫಾರ್ಮುಲಾ ಮಾರುತಿ. ಬಿಡಿಭಾಗ ಬೇಕೇ? ಎಲ್ಲ ಊರಿನಲ್ಲೂ ಸಿಗುತ್ತದೆ. ಕೆಟ್ಟರೆ ರಿಪೇರಿ? ಬೀದಿ ಮೆಕ್ಯಾನಿಕ್‌ಗೂ ಗೊತ್ತು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು.

ಒಬ್ಬ ಹುಡುಗ ಇರುಂಗಾಟ್ಟುಕೋಟೈಯಲ್ಲಿ ಆ ಫಾರ್ಮುಲಾ ಮಾರುತಿಯಲ್ಲಿ ಮೊದಲ ಸಲ ರೇಸಿಗಿಳಿದು, ಮೊದಲ ಮೂವರಲ್ಲಿ ಒಬ್ಬನಾಗಿ ಪೋಡಿಯಂ ಹತ್ತಿದ. ನರೇನ್ ಕಾರ್ತಿಕೇಯನ್. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. 2010ರಲ್ಲಿ ಚೆನ್ನೈನ ಕರುಣ್ ಚಂಡೋಕ್. ಅವರ ಅಜ್ಜ, ಅಪ್ಪ ಇಬ್ಬರೂ ಮದರಾಸಿನ ರೇಸ್ ಲೋಕದವರು. ಈಗ ಲೆಕ್ಕ ಹಾಕಿ. ಬುದ್ಧ ಸರ್ಕ್ಯೂಟ್‌ನಲ್ಲಿ ಮೊದಲ ರೇಸು 2011. ಅದಕ್ಕೆ ಮುಂಚೆ ಇಬ್ಬರು ಭಾರತೀಯರು ಫಾರ್ಮುಲಾ ಒನ್‌ಗೆ ಹೋಗಿ ಆಗಿತ್ತು. ಅದು ಬಂದ ಮೇಲೆ ಹೊಸಬರು ಎಷ್ಟು ಜನ? ಒಬ್ಬರೂ ಇಲ್ಲ. ಲೋಕಲ್ ಟ್ರ್ಯಾಕಂತೆ!

"ಸಾರ್, ನೀವು ಬುದ್ಧ ಸರ್ಕ್ಯೂಟನ್ನ ಕೀಳಾಗಿ ನೋಡ್ತೀರಾ" ಅಂತ ಯಾರಾದರೂ ಬರುತ್ತೀರಿ, ಗೊತ್ತು. ಇಲ್ಲಪ್ಪ. ಟ್ರ್ಯಾಕ್ ಅಂದರೆ ಅದು ಟ್ರ್ಯಾಕು. 5.125 ಕಿಲೋಮೀಟರ್, 16 ತಿರುವು, ಹರ್ಮನ್ ಟಿಲ್ಕೆ ಹಾಕಿದ ನಕ್ಷೆ. ಏರು, ಇಳಿತ, ಅಗಲವಾದ ತಿರುವು. ಓಡಿಸಿದ ಡ್ರೈವರ್‌ಗಳೇ ಮೆಚ್ಚಿದರು. ಇರುಂಗಾಟ್ಟುಕೋಟೈಯಲ್ಲಿ ಫಾರ್ಮುಲಾ ಒನ್ ನಡೆಸೋಕೆ ಆಗಲ್ಲ, ಅದೂ ನಿಜ. ಒಪ್ಪಿದೆ. ಆದರೆ ಏನು ಬಂತು? ಸುಮಾರು 40 ಕೋಟಿ ಡಾಲರ್ ಸುರಿದು ಕಟ್ಟಿದ ಜಾಗದಲ್ಲಿ ಫಾರ್ಮುಲಾ ಒನ್ ನಡೆದದ್ದು ಮೂರೇ ಮೂರು ವರ್ಷ. 2011, 2012, 2013. ಮೂರನ್ನೂ ಜರ್ಮನಿಯ ವೆಟ್ಟಲ್ ಗೆದ್ದ. ಕೊನೆಯ ಸಲ ನಾಲ್ಕನೇ ವಿಶ್ವ ಕಿರೀಟವೂ ಅಲ್ಲೇ ಸಿಕ್ಕಿತು, ಖುಷಿಗೆ ಕಾರನ್ನು ಗಿರಗಿರ ತಿರುಗಿಸಿ ಹೊಗೆ ಎಬ್ಬಿಸಿದ, ಅವನ ತಂಡಕ್ಕೆ 25,000 ಯೂರೋ ದಂಡ ಬಿತ್ತು. ಆಮೇಲೆ ಬಾಗಿಲು ಬಂದ್.

ಯಾಕೆ? ತೆರಿಗೆ. ಉತ್ತರ ಪ್ರದೇಶ ಸರ್ಕಾರದ ಪ್ರಕಾರ ರೇಸ್ ಕ್ರೀಡೆಯಲ್ಲ, ಮನರಂಜನೆ. ಮನರಂಜನೆ ತೆರಿಗೆ ಕಟ್ಟಿ. ಹೊರಗಿನಿಂದ ಬರುವ ಸಾಮಾನಿಗೆ ಕಸ್ಟಮ್ಸ್ ತಕರಾರು ಬೇರೆ. ಫಾರ್ಮುಲಾ ಒನ್ ಸಂಸ್ಥೆ ಇಲ್ಲಿ ಆದಾಯ ತೆರಿಗೆ ಕಟ್ಟಲೇಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅಷ್ಟರಲ್ಲಿ ಅವರು ಬೇರೆ ದೇಶ ಹಿಡಿದಾಗಿತ್ತು. ಕಟ್ಟಿದ ಜೇಪೀ ಗ್ರೂಪ್ ಸಾಲದಲ್ಲಿ ಮುಳುಗಿತು. 2023ರಲ್ಲಿ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿ ಬಂತು. ಮಾರ್ಕ್ ಮಾರ್ಕೆಸ್‌ನಂಥವನಿಗೇ ವೀಸಾ ತಡ, ಟಿವಿಯಲ್ಲಿ ತೋರಿಸಿದ ಭಾರತದ ಭೂಪಟದಲ್ಲಿ ಕಾಶ್ಮೀರವೇ ಇಲ್ಲ. ಬೆಜ್ಜೆಕ್ಕಿ ಗೆದ್ದ, ಎಲ್ಲರೂ ಚಪ್ಪಾಳೆ ತಟ್ಟಿದರು. 2024ಕ್ಕೆ ರದ್ದು. ತೇರು ಕಟ್ಟಿಸಿದರು, ಬಣ್ಣ ಬಳಿಸಿದರು, ವರ್ಷವರ್ಷ ಹಗ್ಗ ಹಿಡಿಯೋಕೆ ಊರಿನವರನ್ನು ಮಾತ್ರ ಕರೆಯಲಿಲ್ಲ.

ಇರುಂಗಾಟ್ಟುಕೋಟೈಯಲ್ಲಿ ಆ ಹಗ್ಗ ಹಿಡಿದವರನ್ನು ನೋಡಬೇಕು ನೀವು. ಮೊನ್ನೆ ಒಂದು ರೇಸಿನ ಗ್ರಿಡ್, ಅಂದರೆ ಶುರುವಿಗೆ ಗಾಡಿಗಳು ನಿಲ್ಲುವ ಸಾಲು. ಹದಿನೈದೋ ಹದಿನಾರೋ ವಯಸ್ಸಿನ ಹುಡುಗ, ಮೈಗೆ ಅಂಟಿದ ಲೆದರ್ ಸೂಟು, ಬೈಕ್ ಮೇಲೆ ಕೂತಿದ್ದಾನೆ. ಅವನಮ್ಮ ಪಕ್ಕದಲ್ಲಿ ಛತ್ರಿ ಹಿಡಿದಿದ್ದಾರೆ. ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ನೆರಳೆಲ್ಲ ಮಗನ ಮೇಲೆ, ಆಯಮ್ಮನ ತಲೆ ಬಿಸಿಲಲ್ಲಿ. ಕೆಳಗೆ ಮೆಕ್ಯಾನಿಕ್ ಮಂಡಿಯೂರಿ ಟೈರ್ ಪ್ರೆಶರ್ ಗೇಜ್ ಹಚ್ಚಿದ, ನೋಡಿದ, ಒಂದು ಚೂರು ಗಾಳಿ ಬಿಟ್ಟ, ಮತ್ತೆ ನೋಡಿದ. ತಲೆ ಎತ್ತದೆ ಹೆಬ್ಬೆರಳು ತೋರಿಸಿದ. ಗ್ರಿಡ್ ಖಾಲಿ ಮಾಡಿ ಅನ್ನುವ ಬೋರ್ಡ್ ಬಂತು. ಅಮ್ಮ ಛತ್ರಿ ಮಡಚಿ, ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿ, ಗೋಡೆ ಕಡೆ ಓಡಿದರು. ಪೋಸ್ಟಿನಲ್ಲಿ ನಿಂತ ಮಾರ್ಷಲ್‌ಗಳೂ ಹಾಗೇ. ವಾರವೆಲ್ಲ ಬೇರೆ ಕೆಲಸ, ಶನಿವಾರ ಭಾನುವಾರ ಬಂದು ಬಾವುಟ ಹಿಡಿದು ಬಿಸಿಲಲ್ಲಿ ಬೇಯುತ್ತಾರೆ. ಎದುರಿನ ಗ್ಯಾಲರಿಯಲ್ಲಿ ಜನ ಬೆರಳೆಣಿಕೆ. ಟಿವಿ ಇಲ್ಲವಲ್ಲ!

2019ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಜೇಮಿ ಚಾಡ್‌ವಿಕ್ ಇದೇ ಟ್ರ್ಯಾಕಿನಲ್ಲಿ ಎಂಆರ್‌ಎಫ್ ಚಾಲೆಂಜ್ ಅನ್ನುವ ಕಾರ್ ರೇಸ್ ಸರಣಿ ಗೆದ್ದರು. ಅದನ್ನು ಗೆದ್ದ ಮೊದಲ ಹೆಣ್ಣುಮಗಳು. ಅದಕ್ಕೆ ಎರಡು ವರ್ಷ ಮುಂಚೆ ಶೂಮಾಕರ್ ಮಗ ಮಿಕ್ ಇಲ್ಲಿ ಓಡಿಸಿದ್ದ. ಆ ರೀಲ್ ಹುಡುಗನಿಗೆ ಇದನ್ನು ಹೇಳಿದ್ದರೆ ಅಲ್ಲೇ ಇನ್ನೊಂದು ರೀಲ್ ಮಾಡುತ್ತಿದ್ದ. ಹೊರಗಿನವರ ಹೆಸರು ಬಂದರೆ ಸಾಕು, ಲೋಕಲ್ ಟ್ರ್ಯಾಕಿಗೂ ಬೆಲೆ ಬರುತ್ತದೆ.

ಎಲ್ಲ ಚೆನ್ನಾಗಿದೆ ಅಂತ ನಾನೇನೂ ಹೇಳುತ್ತಿಲ್ಲ. 2023ರ ಜನವರಿಯಲ್ಲಿ ಹಿರಿಯ ರೇಸರ್ ಕೆ. ಇ. ಕುಮಾರ್ ಅಲ್ಲೇ ಅಪಘಾತದಲ್ಲಿ ಹೋದರು. ಅದೇ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಹುಡುಗ. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ವಿಷಯ ಇಲ್ಲಿಯವರೆಗೆ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಅಣ್ಣನ ಮಗ ರೇಸ್ ಸ್ಕೂಲ್ ಸೇರುತ್ತೇನೆ ಅಂತ ಅರ್ಜಿ ಹಿಡಿದು ನನ್ನ ಹತ್ತಿರವೇ ಬಂದಿದ್ದ. ಚಿಕ್ಕಪ್ಪ ಅಂತೂ ಇಲ್ಲ ಅನ್ನಲ್ಲ ಅನ್ನುವ ಧೈರ್ಯ. ನಾನು ಬೇಡ ಅಂದೆ. ಜೋರಾಗಿಯೇ ಅಂದೆ. ಅವನು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಇನ್ನೊಬ್ಬರ ಮಕ್ಕಳ ರೇಸಿಗೆ ಶಿಳ್ಳೆ ಹಾಕಿ ನಮ್ಮನೆ ಹುಡುಗನನ್ನು ತಡೆಯುವವನು ನಾನು. ಏನಾದರೂ ಅಂದುಕೊಳ್ಳಿ.

ಆದರೂ ಆ ಹುಡುಗರು ಬೇರೆಲ್ಲಿಗೆ ಹೋಗಬೇಕು ಹೇಳಿ. ಟ್ರ್ಯಾಕ್ ಬೇಡ ಅಂದರೆ ನಂದಿ ಬೆಟ್ಟದ ರಸ್ತೆ, ನೈಸ್ ರೋಡು. ಅಲ್ಲಿ ಮಾರ್ಷಲ್ ಇಲ್ಲ, ಆಂಬುಲೆನ್ಸ್ ಕಾಯುತ್ತಾ ನಿಂತಿರಲ್ಲ, ಎದುರಿನಿಂದ ಟೊಮೆಟೊ ಲಾರಿ ಬರುತ್ತದೆ. ಟ್ರ್ಯಾಕ್‌ನಲ್ಲಿ ಅಪಾಯ ಇದ್ದರೆ ಟ್ರ್ಯಾಕನ್ನು ಸರಿ ಮಾಡಬೇಕು, ಚಿಕ್ಕ ಮಕ್ಕಳ ವಿಷಯದಲ್ಲಿ ನಿಯಮ ಬಿಗಿ ಮಾಡಬೇಕು. ಅದು ಆಗಲಿ, ಬೇಗ ಆಗಲಿ.

ಇನ್ನು ನಮ್ಮ ರಾಜ್ಯ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಕೆ-1000 ರ‍್ಯಾಲಿ ನಮ್ಮದು. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆದಿದೆ. ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಬೆಂಗಳೂರಿನವರು, 2015ರಲ್ಲಿ. 2019ರಲ್ಲಿ ಬೈಕ್ ರ‍್ಯಾಲಿಯ ಬಾಜಾ ವಿಶ್ವ ಕಪ್ ಅನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನವರು. ಜಾವಾ ಮೈಸೂರಿನದು. ಇಂಡಿಯನ್ ರೇಸಿಂಗ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಲ್ಲಿ ತಂಡ ಇದೆ, 2025ರಲ್ಲಿ ಕಿಚ್ಚ ಸುದೀಪ್ ಅದರ ಮಾಲೀಕರೂ ಆದರು. ತಂಡ ಇದೆ, ಹುಡುಗರಿದ್ದಾರೆ, ದುಡ್ಡೂ ಇದೆ. ಇರುಂಗಾಟ್ಟುಕೋಟೈ ಮಟ್ಟದ ಒಂದು ಟ್ರ್ಯಾಕ್ ಇಲ್ಲ. ಬೈಕನ್ನು ಟೆಂಪೋಗೆ ಹಾಕಿ ಹಗ್ಗ ಬಿಗಿದು ಕೃಷ್ಣಗಿರಿ, ಆಂಬೂರು, ವೆಲ್ಲೂರು ದಾಟಿ ಅಲ್ಲಿಗೇ ಹೋಗಬೇಕು.

ನಮ್ಮ ಸರ್ಕಾರ ಏನಾದರೂ ಟ್ರ್ಯಾಕ್ ಕಟ್ಟುತ್ತೇನೆ ಅಂದರೆ ನನಗೆ ಖುಷಿಗಿಂತ ಭಯ ಜಾಸ್ತಿ ಆಗುತ್ತದೆ. ಮೊದಲು ಒಂದು ವರದಿ, ಆಮೇಲೆ ಸುತ್ತಲಿನ ಸೈಟಿನ ರೇಟು, ಆಮೇಲೆ 'ಅಂತಾರಾಷ್ಟ್ರೀಯ ಮಟ್ಟದ' ಅನ್ನುವ ಬೋರ್ಡು, ವರ್ಷಕ್ಕೊಂದು ಸಲ ಮಂತ್ರಿಗಳು ಬಾವುಟ ಬೀಸೋಕೆ. ಬೇಡ. ಒಂದು ಗಟ್ಟಿ ಕ್ಲಬ್ಬು ಸಾಕು. ವಾರಾವಾರ ಬಾಗಿಲು ತೆಗೆಯುವವರು, ಹುಡುಗರಿಗೆ ಕೈಗೆಟುಕುವ ಫೀಸು ಇಡುವವರು, ರೇಸ್ ಇಲ್ಲದ ದಿನ ಕಂಪನಿಗಳ ಟೈರ್ ಟೆಸ್ಟಿಂಗ್‌ಗೆ ಬಾಡಿಗೆ ಕೊಟ್ಟು ಖರ್ಚು ತೂಗಿಸುವವರು. ನಾಲ್ಕು ಕಿಲೋಮೀಟರ್ ಕೂಡ ಬೇಕಿಲ್ಲ. ಜಾಗ ಸಿಕ್ಕರೆ ತುಮಕೂರು ಕಡೆಯಾದರೂ ಸರಿ, ಕೋಲಾರದ ಕಡೆಯಾದರೂ ಸರಿ, ನಾನೂ ಕೈಲಾದಷ್ಟು ಹಾಕುತ್ತೇನೆ. ಬರೀ ಮಾತಲ್ಲ, ಹಾಕುತ್ತೇನೆ.

ಅಲ್ಲಿಯವರೆಗೆ ಇರುಂಗಾಟ್ಟುಕೋಟೈಯೇ ಗತಿ. ಮುಂದಿನ ರೌಂಡಿಗೆ ಯಾರಾದರೂ ಬರುವುದಾದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ, ಕಾರಿನಲ್ಲಿ ಮೂರು ಸೀಟ್ ಖಾಲಿ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಬಿಡುತ್ತೇನೆ, ಐದು ನಿಮಿಷ ಲೇಟಾದರೂ ಕಾಯಲ್ಲ. ಟೋಪಿ, ನೀರು ತನ್ನಿ. ಬರುವಾಗ ಆಂಬೂರಿನಲ್ಲಿ ಬಿರಿಯಾನಿ ನನ್ನ ಲೆಕ್ಕ, ಪೆಟ್ರೋಲು ಮತ್ತು ಟೋಲು ಎಲ್ಲರದೂ.