ಕೋಲಿಗೆ ಹೆದರುವ ಕಾರು

ನನ್ನ ಬೀಟಲ್ ಕಾರು 1959ರದು. ನನಗಿಂತ ಹಿರಿಯದಾದ್ದರಿಂದ ನಡುದಾರಿಯಲ್ಲಿ ನಿಂತಾಗ ಬೈಯಲೂ ಸಂಕೋಚ. ಎಂಜಿನ್ ಹಿಂದೆ, ಪೆಟ್ರೋಲ್ ಟ್ಯಾಂಕ್ ಮುಂದೆ. ಗಾಳಿಯಿಂದಲೇ ತಣಿಯುವ ಎಂಜಿನ್ ಆದ್ದರಿಂದ ರೇಡಿಯೇಟರ್ ಇಲ್ಲ. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳೂ ಇಲ್ಲ. ಹಳೆಯ ಸ್ಕೂಟರಿನಂತೆ ರಿಸರ್ವ್ ಮಾತ್ರ ಇದೆ. ಅದನ್ನು ನಂಬದೆ ನಾನು ಗೆರೆ ಕೊರೆದ ಕೋಲೊಂದನ್ನು ಸೀಟಿನ ಪಕ್ಕ ಇಟ್ಟುಕೊಂಡಿದ್ದೇನೆ.

ಬೇಸಿಗೆಯಲ್ಲಿ ಅದಕ್ಕೊಂದು ಚಾಳಿ ಹತ್ತಿತು. ಮೈಸೂರಿನಿಂದ ಮಂಡ್ಯದ ಅತ್ತೆ ಮನೆಗೆ ಹೊರಟರೆ, ಶ್ರೀರಂಗಪಟ್ಟಣ ದಾಟುವವರೆಗೆ ಸೊಗಸಾಗಿ ಓಡಿ, ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಇಳಿದು, ಮುಂದಿನ ಬಾನೆಟ್ ಎತ್ತಿ, ಟ್ಯಾಂಕಿನೊಳಗೆ ಕೋಲು ಇಳಿಸಿ ನೋಡಿದರೆ ಮುಕ್ಕಾಲು ಟ್ಯಾಂಕ್ ಪೆಟ್ರೋಲ್! ಕೋಲನ್ನು ಒರೆಸಿಟ್ಟು ಕೀಲಿ ತಿರುಗಿಸಿದರೆ, ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು.

“ರೀ, ಇದು ಎಮ್ಮೆಯ ಜಾತಿ. ಕೋಲು ತೋರಿಸಿದರೇ ನಡೆಯುವುದು,” ಎಂದಳು ಹೆಂಡತಿ.

ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ಮರೆಯುವ ರೋಗಿಯ ಹಾಗೆ, ಮೆಕ್ಯಾನಿಕ್ ಅಂಗಡಿಯಲ್ಲಿ ಅದು ಗಂಟೆಗಟ್ಟಲೆ ಗುಡುಗುಡು ಎನ್ನುತ್ತಿತ್ತು. ಬಿಸಿಯಾದಾಗ ನಿಲ್ಲುತ್ತದೆ, ಆರಿದಾಗ ಹೊರಡುತ್ತದೆ, ಅಂದ ಮೇಲೆ ಕಿಡಿ ಹಾರಿಸುವ ಸರಂಜಾಮಿನ ಕಂಡೆನ್ಸರ್ ಕೆಟ್ಟಿದೆ ಎಂದರು. ಬದಲಾಯಿಸಿದೆವು. ಆಮೇಲೆ ಕಾಯಿಲ್. ಆಮೇಲೆ ಪಾಯಿಂಟ್; ಅದರ ಸಂದು 0.4 ಮಿಲಿಮೀಟರ್ ಇದೆಯೇ ಎಂದು ಮತ್ತೆ ಮತ್ತೆ ಅಳೆದೆವು. ಪೆಟ್ರೋಲ್ ಪಂಪಿನ ಡಯಾಫ್ರಂ ಕೂಡ ಹೊಸದಾಯಿತು. ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿರಬಹುದೆಂದು, ಜ್ವರದ ಮಗುವಿನ ಹಣೆಗೆ ಹಾಕುವಂತೆ ಪಂಪಿಗೆ ಒದ್ದೆಬಟ್ಟೆಯನ್ನೂ ಸುತ್ತಿದೆವು. ಕಾರಿಗೆ ಯಾವುದೂ ನಾಟಲಿಲ್ಲ. ನನ್ನ ಜೇಬಿಗೆ ಎಲ್ಲವೂ ನಾಟಿದವು.

ರಸ್ತೆಯಲ್ಲಿ ಸಲಹೆಗೆ ಬರವಿರಲಿಲ್ಲ. ಪುಣ್ಯಾತ್ಮರೊಬ್ಬರು ನೀರಿನ ಬಾಟಲಿ ಹಿಡಿದು ಓಡಿ ಬಂದು ಬಾನೆಟ್ಟಿನೊಳಗೆ ರೇಡಿಯೇಟರ್ ಹುಡುಕಿದರು. ಸಿಕ್ಕಿದ್ದು ಅತ್ತೆಗೆಂದು ಒಯ್ಯುತ್ತಿದ್ದ ಹಲಸಿನ ಹಣ್ಣು. ಸ್ವಲ್ಪ ಹೊತ್ತು ಅದನ್ನೇ ನೋಡಿ, ನೀರನ್ನು ನನಗೆ ಕುಡಿಯಲು ಕೊಟ್ಟರು.

ಅಂದು ಮಂಡ್ಯ ತಲುಪಿದಾಗ ಅತ್ತೆ ಹೊಸ ಎಣ್ಣೆ ಡಬ್ಬ ಒಡೆಯುತ್ತಿದ್ದರು. ಮೊಳೆ ಇಟ್ಟು ಗುಂಡುಕಲ್ಲಿನಿಂದ ಒಂದು ತೂತು ಹೊಡೆದರು. ಬಗ್ಗಿಸಿದರೆ ಎಣ್ಣೆ ಗೊಳಕ್ ಗೊಳಕ್ ಎಂದು ಬಿಕ್ಕಿ ನಿಂತಿತು. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರು. ಎಣ್ಣೆ ದಾರದಂತೆ ಇಳಿಯಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

“ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಹೇಗೆ ಬರಬೇಕು, ಅಳಿಯಂದಿರೇ?” ಎಂದರು.

ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ಪೆಟ್ರೋಲ್ ವಾಸನೆಗೆ ವಾಂತಿ ಬರುತ್ತದೆಂದು ಹಿಂದೆ ಇದೇ ಅತ್ತೆ ದೂರಿದ್ದಕ್ಕೆ, ಟ್ಯಾಂಕಿನ ಹಳೆಯ ಮುಚ್ಚಳ ತೆಗೆದು, ದಪ್ಪ ರಬ್ಬರಿನ ಬಿಗಿ ಮುಚ್ಚಳವೊಂದನ್ನು ಗುಜರಿಯಿಂದ ತಂದು ಹಾಕಿದವನು ನಾನೇ. ಹಳೆಯದರಲ್ಲಿ ಗಾಳಿ ನುಸುಳಲು ದಾರಿಯಿತ್ತು, ಹೊಸದರಲ್ಲಿ ಇರಲಿಲ್ಲ. ಪಂಪು ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಕೊನೆಗೆ ಎಳೆಯಲು ಶಕ್ತಿ ಸಾಲದೆ ಎಂಜಿನ್ ಉಪವಾಸ ಬೀಳುತ್ತಿತ್ತು. ಕೋಲು ಇಳಿಸಲೆಂದು ನಾನು ಮುಚ್ಚಳ ತೆಗೆದಾಗಲೆಲ್ಲ ಅದಕ್ಕೆ ಉಸಿರು ಬರುತ್ತಿತ್ತು.

ವಾಪಸು ಬರುವಾಗ ಕಾರು ವಾಡಿಕೆಯಂತೆ ಕೆಮ್ಮಿತು. ಈ ಸಲ ಕಿವಿಯಿಟ್ಟು ಮುಚ್ಚಳ ತಿರುಗಿಸಿದೆ. ಇಷ್ಟು ದಿನ ಲಾರಿಗಳ ಸದ್ದಿನಲ್ಲಿ ಕೇಳಿಸದ “ಸುಸ್ಸ್” ಕೇಳಿಸಿತು.

ಮೊಳೆಗಳ ಡಬ್ಬಿಯಲ್ಲಿದ್ದ ಹಳೆಯ ಮುಚ್ಚಳ ಈಗ ಸ್ವಸ್ಥಾನ ಸೇರಿದೆ. ಕಾರು ಎಲ್ಲೂ ನಿಲ್ಲುವುದಿಲ್ಲ. ಅತ್ತೆ ಮಾತ್ರ ನಿಂಬೆಹಣ್ಣು ಮೂಸುತ್ತಾ ಮಂಡ್ಯಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ.