ಶ್ವೇತಭವನ ಎಲ್ಲಿದೆ ಸ್ವಾಮಿ?

1989ರ ಸೆಪ್ಟೆಂಬರ್ 5. ಅಮೆರಿಕದ ಅಧ್ಯಕ್ಷ, ಹಿರಿಯ ಜಾರ್ಜ್ ಬುಷ್ ಟಿವಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದರು. ಒಳಗೆ ಕ್ರ್ಯಾಕ್ ಕೊಕೇನ್, ಅಂದರೆ ಸೇದುವ ಹರಳಿನ ರೂಪದ ಕೊಕೇನ್. ಇದು ಸಿಕ್ಕಿದ್ದು ಶ್ವೇತಭವನದ ಎದುರಿನ ಪಾರ್ಕಿನಲ್ಲಿ ಎಂದರು. ಅಯ್ಯೋ, ಯಜಮಾನರ ಮನೆ ಬಾಗಿಲಿಗೇ ಬಂತಲ್ಲ!

ಬಂದಿರಲಿಲ್ಲ, ಕರೆಸಿದ್ದರು. ಭಾಷಣಕ್ಕೆ ಇಂಥದೊಂದು ಚೀಲ ಬೇಕಿತ್ತು. ಪಾರ್ಕಿನಲ್ಲಿ ನೋಡಿದರೆ ಮಾರುವವರೇ ಇಲ್ಲ. ಕೊನೆಗೆ ಮಾದಕ ವಸ್ತು ನಿಗ್ರಹ ದಳದವರು ಬೇರೆ ಬಡಾವಣೆಯ 18 ವರ್ಷದ ಹುಡುಗನೊಬ್ಬನಿಗೆ 'ವ್ಯಾಪಾರ ಇದೆ, ಬಾ' ಅಂತ ಹೇಳಿ ಕಳಿಸಿದರು. ಅದೇ ಊರಿನವನಾದರೂ ಪಾಪ, ಶ್ವೇತಭವನ ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. ಅದನ್ನೇ ಕೇಳಿದ. ಇವರೇ ದಾರಿ ಹೇಳಬೇಕಾಯಿತು. ಮುಂದೆ ಡ್ರಗ್ಸ್ ಕೇಸಿನಲ್ಲಿ ಆ ಹುಡುಗನಿಗೆ 10 ವರ್ಷ ಜೈಲಾಯಿತು.

ಡ್ರಗ್ಸ್ ಮೇಲಿನ ಈ ಯುದ್ಧ ಸಾರಿದ್ದು ಹಿಂದಿನ ಅಧ್ಯಕ್ಷ ನಿಕ್ಸನ್. 1971ರಲ್ಲಿ ಡ್ರಗ್ಸ್ ಚಟವೇ ದೇಶದ ನಂಬರ್ ಒನ್ ಶತ್ರು ಎಂದರು. ಅದಕ್ಕೆ ಆರು ತಿಂಗಳು ಮುಂಚೆ ಗಾಯಕ ಎಲ್ವಿಸ್ ಪ್ರೀಸ್ಲಿ ಉಡುಗೊರೆಗೆ ಒಂದು ಪಿಸ್ತೂಲು ಹಿಡಿದುಕೊಂಡು ಅವರನ್ನು ನೋಡಲು ಬಂದಿದ್ದ. ಡ್ರಗ್ಸ್ ಹಾವಳಿ ತಡೆಯುತ್ತೇನೆ, ಡ್ರಗ್ಸ್ ನಿಗ್ರಹ ಅಧಿಕಾರಿಗಳ ಬ್ಯಾಡ್ಜ್ ಕೊಡಿ ಎಂದ. ಕೊಟ್ಟರು. 1977ರಲ್ಲಿ ಅವನು ಸತ್ತಾಗ ಮೈಯಲ್ಲಿ ಸಿಕ್ಕಿದ ಔಷಧಿಗಳು ಒಂದೆರಡಲ್ಲ. ಎಲ್ಲ ಡಾಕ್ಟರ ಚೀಟಿಯವೇ, ಹಾಗಾಗಿ ಶತ್ರುಗಳ ಲೆಕ್ಕಕ್ಕೆ ಬರಲ್ಲ ಬಿಡಿ.

1986ರ ಕಾನೂನಂತೂ ಚಿನ್ನದಂಗಡಿಯ ತಕ್ಕಡಿ. ಬಡವರ ಕೇರಿಯ ಕ್ರ್ಯಾಕ್ 5 ಗ್ರಾಂ ಮಾರಲು ಹೋಗಿ ಸಿಕ್ಕಿಬಿದ್ದರೆ ಕನಿಷ್ಠ 5 ವರ್ಷ ಜೈಲು. ಸಿರಿವಂತರ ಪಾರ್ಟಿಯ ಪುಡಿ ಕೊಕೇನ್ ಆದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕು. ಎರಡೂ ಕೊಕೇನೇ. 2010ರಲ್ಲಿ ಸಂಸತ್ತಿಗೆ ನಾಚಿಕೆ ಬಂತು. ಒಂದಕ್ಕೆ ನೂರು ಇದ್ದದ್ದನ್ನು ಒಂದಕ್ಕೆ ಹದಿನೆಂಟು ಮಾಡಿದರು. ನಾಚಿಕೆಯೂ ಅಷ್ಟೇ ಬಂದಿತ್ತು ಅಂತ ಕಾಣುತ್ತೆ.

ಇಷ್ಟೆಲ್ಲ ಕಾವಲು ಬೀದಿಯಲ್ಲಿದ್ದಾಗ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮಿನ ಜಾತಿಯ ನೋವಿನ ಮಾತ್ರೆ ಸೂಟು ಬೂಟು ಹಾಕಿಕೊಂಡು ಡಾಕ್ಟರ ಕೋಣೆಗೇ ಬಂತು. ಇದು ನಿಧಾನಕ್ಕೆ ಕರಗುತ್ತೆ, ದುರ್ಬಳಕೆ ಕಡಿಮೆ ಅಂತ ನಂಬಲಾಗಿದೆ ಎಂದು ಸರ್ಕಾರ ಒಪ್ಪಿದ ಲೇಬಲ್ಲಿನಲ್ಲೇ ಬರೆದಿತ್ತು. ಮೊದಲ ಸಲಕ್ಕೆ ಬಿಟ್ಟಿ ಕೂಪನ್ ಬೇರೆ! ಬೀದಿಯಲ್ಲಿ ಮಾರುವವನೂ ಮೊದಲ ಸಲ ಬಿಟ್ಟಿ ಕೊಟ್ಟೇ ರುಚಿ ಹತ್ತಿಸುವುದು, ಅಲ್ವಾ?

ವೆಸ್ಟ್ ವರ್ಜೀನಿಯಾದಲ್ಲಿ ಕರ್ಮಿಟ್ ಅಂತ ಒಂದು ಊರಿದೆ. ಆ ಕಾಲಕ್ಕೆ ಜನಸಂಖ್ಯೆ ಸುಮಾರು 400. ಅಲ್ಲಿನ ಒಂದೇ ಮೆಡಿಕಲ್ ಶಾಪಿಗೆ ಎರಡು ವರ್ಷದಲ್ಲಿ ಇಂಥದೇ ಜಾತಿಯ ಸುಮಾರು 90 ಲಕ್ಷ ನೋವಿನ ಮಾತ್ರೆ ಬಂದಿಳಿದವು. ತಲೆಗೆ ಇಪ್ಪತ್ತು ಸಾವಿರದ ಮೇಲೆ. ಲಾರಿ ಬಂತು, ಬಿಲ್ ಆಯಿತು, ಲೆಕ್ಕ ಮೇಲಿನವರಿಗೂ ಹೋಯಿತು. ಆ ಪಾರ್ಕಿಗೆ ಮಾತ್ರ ಹುಡುಗನನ್ನು ಹುಡುಕಿ ತರಬೇಕಾಗಿತ್ತು ನೋಡಿ.

2007ರಲ್ಲಿ ಆಕ್ಸಿಕಾಂಟಿನ್ ಮಾಡುವ ಪರ್ಡ್ಯೂ ಕಂಪನಿ ತಪ್ಪು ಒಪ್ಪಿಕೊಂಡಿತು. ಸುಮಾರು 60 ಕೋಟಿ ಡಾಲರ್ ದಂಡ. ಮೂವರು ಸಾಹೇಬರೂ ತಪ್ಪೊಪ್ಪಿಕೊಂಡರು. ಜೈಲು? ಛೆ, ಸೂಟು ಸುಕ್ಕಾಗುತ್ತೆ. ತಲಾ 400 ಗಂಟೆ ಸಮಾಜ ಸೇವೆ ಮಾಡಿ ಅಂದರು. 2020ರಲ್ಲಿ ಕಂಪನಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ಅಭ್ಯಾಸ ಆಗಿಬಿಟ್ಟಿತ್ತು.

ಇನ್ನು ಚಿಕಿತ್ಸೆಯ ಕತೆ. ಚಟ ಹತ್ತಿಸುವ ಮಾತ್ರೆ ಬರೆಯಲು ಡಾಕ್ಟರಿಗೆ ಮಾಮೂಲಿ ಲೈಸೆನ್ಸ್ ಸಾಕಿತ್ತು. ಚಟ ಬಿಡಿಸುವ ಬ್ಯುಪ್ರೆನಾರ್ಫಿನ್ ಬರೆಯಬೇಕಾದರೆ 8 ಗಂಟೆ ತರಬೇತಿ, ಪ್ರತ್ಯೇಕ ಅನುಮತಿ ಬೇಕಿತ್ತು. ಅದೂ ಮೊದಲ ವರ್ಷ 30 ರೋಗಿಗಳಿಗಷ್ಟೇ. 2000ದಲ್ಲಿ ಬಂದ ಈ ಅನುಮತಿಯ ಕಟ್ಟಳೆ ಹೋಗಿದ್ದು 2022ರ ಕೊನೆಗೆ. ಆ ಒಂದೇ ವರ್ಷ ಓವರ್‌ಡೋಸ್‌ನಿಂದ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಸತ್ತರು. ಅನುಮತಿ ಸಿಕ್ಕ ಮೊದಲ ವರ್ಷ 31ನೆಯವನು ಬಂದರೆ ಡಾಕ್ಟರು ಕೈಮುಗಿದು ವಾಪಸ್ ಕಳಿಸಬೇಕಿತ್ತು. ಬೀದಿಯಲ್ಲಿ ಫೆಂಟನಿಲ್ ಎಂಬ ಅದೇ ಜಾತಿಯ ಭಾರಿ ಡ್ರಗ್ ಮಾರುವವನಿಗೆ ತರಬೇತಿಯೂ ಇಲ್ಲ, ಅರ್ಜಿಯೂ ಇಲ್ಲ. ಎಷ್ಟು ಜನ ಬಂದರೂ ಬನ್ನಿ ಅನ್ನುತ್ತಿದ್ದ.