ಟೇಕ್ಯೋ ಗೆದ್ದದ್ದು ಯಾವ ಕಪ್?

'ಟೇಕ್ಯೋ ವಿಶ್ವವಿದ್ಯಾಲಯ ಸತತ 9 ವರ್ಷ ಜಪಾನಿನ ರಗ್ಬಿ ಚಾಂಪಿಯನ್ ಆಗಿತ್ತು, ಕಂಪನಿ ತಂಡಗಳನ್ನೂ ಮಣ್ಣು ಮುಕ್ಕಿಸಿತ್ತು' ಎಂಬ ಮಾತು ಓಡಾಡುತ್ತಿದೆ. (ಟೋಕ್ಯೋ ಅಲ್ಲ, ಟೇಕ್ಯೋ.) ಇದರಲ್ಲಿ ಅರ್ಧ ಮಾತ್ರ ನಿಜ.

2009ರಿಂದ 2017ರ ಸೀಸನ್‌ವರೆಗೆ ಟೇಕ್ಯೋ 9 ಸಲ ಗೆದ್ದದ್ದು ವಿಶ್ವವಿದ್ಯಾಲಯಗಳ ಚಾಂಪಿಯನ್‌ಶಿಪ್. ಅಲ್ಲಿ ಕಂಪನಿ ತಂಡಗಳು, ಅಂದರೆ ಕಂಪನಿಗಳೇ ನಡೆಸುವ ತಂಡಗಳು, ಆಡುವುದೇ ಇಲ್ಲ. ಕಾಲೇಜು ಹುಡುಗರೂ ಕಂಪನಿ ಆಟಗಾರರೂ ಎದುರಾಗುತ್ತಿದ್ದ ಟೂರ್ನಿ ಬೇರೆ, ಅದು ಜಪಾನ್ ಚಾಂಪಿಯನ್‌ಶಿಪ್. ಅದನ್ನು ಟೇಕ್ಯೋ ಒಮ್ಮೆಯೂ ಗೆದ್ದಿಲ್ಲ.

ಅದನ್ನು ಕೊನೆಯದಾಗಿ ಗೆದ್ದ ವಿಶ್ವವಿದ್ಯಾಲಯ ವಸೇದಾ. 1988ರ ಜನವರಿಯಲ್ಲಿ ತೋಷಿಬಾ ಫುಚು ತಂಡವನ್ನು 22-16ರಿಂದ ಸೋಲಿಸಿತ್ತು. ಆಮೇಲೆ ಕಂಪನಿಗಳದ್ದೇ ರಾಜ್ಯಭಾರ. ಕೋಬೆ ಸ್ಟೀಲ್ ಸತತ 7 ಸಲ ಗೆದ್ದಿತು. ಅದಕ್ಕೂ ಮೊದಲು ಕಮೈಶಿ ಎಂಬ ಪುಟ್ಟ ಊರಿನ ಉಕ್ಕಿನ ಕಾರ್ಖಾನೆಯ ತಂಡವೂ ಸತತ 7 ಸಲ ಗೆದ್ದಿತ್ತು. ನನಗಂತೂ ಅದೇ ಜಾಸ್ತಿ ಇಷ್ಟದ ಕಥೆ.

ಹಾಗಂತ ಟೇಕ್ಯೋ ಸುಮ್ನೆ ಅಲ್ಲ. 2015ರ ಜಪಾನ್ ಚಾಂಪಿಯನ್‌ಶಿಪ್‌ನಲ್ಲಿ ಎನ್‌ಇಸಿ ಕಂಪನಿಯ ತಂಡವನ್ನು 31-25ರಿಂದ ಸೋಲಿಸಿತು. ಕಂಪನಿ ತಂಡಗಳ ದೊಡ್ಡ ಲೀಗ್‌ನಲ್ಲಿ ಆಡುತ್ತಿದ್ದ ತಂಡ ಅದು, ಸಣ್ಣ ಮಾತಲ್ಲ ಅಲ್ವಾ? ಆದರೆ ಮುಂದಿನ ಸುತ್ತಿನಲ್ಲಿ ತೋಷಿಬಾ ಎದುರು ಸೋತಿತು. ಬಹುಶಃ ಆ ಒಂದು ಗೆಲುವೇ ಬಾಯಿಂದ ಬಾಯಿಗೆ ಬೆಳೆದು ಹೀಗಾಗಿದೆ.